ಶಹರಜಾದೆ ಕೇವಲ ಜಾಣೆಯಲ್ಲ

‘ಅರೇಬಿಯನ್ ನೈಟ್ಸ್’ ಎಂದೂ ಹೆಸರಾದ ಕಥಾಗ್ರಂಥ ಸಾವಿರದ ಒಂದು ರಾತ್ರಿಗಳ ಕಥೆಗಾರ್ತಿ ಶಹರಜಾದೆ ಎಂದೊಡನೆ, ಕಥೆಯನ್ನು ಕುತೂಹಲದ ಘಟ್ಟದಲ್ಲಿ ನಿಲ್ಲಿಸಿ ತನ್ನ ಪ್ರಾಣ ಉಳಿಸಿಕೊಂಡ ಜಾಣೆ ಎಂಬ ಚಿತ್ರವೇ ಹೆಚ್ಚಿನವರ ಮನಸ್ಸಿನಲ್ಲಿ ಮೂಡುತ್ತದೆ. ಈ ಚಿತ್ರ ಅವಳನ್ನು ತೀರಾ ಕುಗ್ಗಿಸುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೆಂಡತಿಯ ದ್ರೋಹದಿಂದ ಕ್ರುದ್ಧನಾದ ದೊರೆ ಶಹರಿಯಾರ್ ದಿನಕ್ಕೊಬ್ಬ ಕನ್ಯೆಯನ್ನು ಮದುವೆಯಾಗಿ ಬೆಳಗಾಗುತ್ತಲೇ ಕೊಲ್ಲಿಸುತ್ತಿದ್ದ ಕಾಲದಲ್ಲಿ, ಆ ಆಜ್ಞೆಯನ್ನು ನಡೆಸಬೇಕಾಗಿದ್ದ ವಜೀರನ ಹಿರಿಯ ಮಗಳು ಈಕೆ. ಚರಿತ್ರೆ, ಕಾವ್ಯ, ಹಿಂದಿನ ಅರಸರ ವೃತ್ತಾಂತಗಳನ್ನೆಲ್ಲ ಓದಿಕೊಂಡಿದ್ದ ಅವಳು ತಾನಾಗಿಯೇ ತಂದೆಯ ಬಳಿ ಹೋಗಿ, ತನ್ನನ್ನು ದೊರೆಗೆ ಕೊಟ್ಟು ಮದುವೆ ಮಾಡುವಂತೆ ಕೇಳಿದಳು. ತಾನು ಬದುಕಿದರೆ ಉಳಿದ ಹೆಣ್ಣುಮಕ್ಕಳಿಗೂ ಬಿಡುಗಡೆ, ಇಲ್ಲವಾದರೆ ಸತ್ತವರ ದಾರಿಯೇ ತನ್ನ ದಾರಿ ಎಂಬುದು ಅವಳ ನಿಲುವಾಗಿತ್ತು. ಎತ್ತು ಮತ್ತು ಕತ್ತೆಯ ಕಥೆ ಹೇಳಿ ತಂದೆ ಅವಳನ್ನು ತಡೆಯಲು ನೋಡಿದ, ಅವಳು ಜಗ್ಗಲಿಲ್ಲ. ಕಥೆಯಿಂದ ಮನಸ್ಸು ತಿರುಗಿಸುವ ಪ್ರಯತ್ನವನ್ನು ಆ ಮನೆಯಲ್ಲಿ ಮೊದಲು ಮಾಡಿದವನೂ ಸೋತವನೂ ಆ ತಂದೆಯೇ.

ಅವಳು ದೊರೆಗೆ ಹೇಳಲು ಆರಿಸಿಕೊಂಡ ಮೊದಲ ಕಥೆ ಯಾವುದೆಂದು ಗಮನಿಸಬೇಕು. ಒಬ್ಬ ವ್ಯಾಪಾರಿ ಖರ್ಜೂರ ತಿಂದು ಬೀಜ ಎಸೆಯುತ್ತಾನೆ. ಅದು ತಗುಲಿ ತನ್ನ ಮಗ ಸತ್ತನೆಂದು ಜಿನ್ ಎಂಬ ಭೂತವೊಂದು ಅವನ ಪ್ರಾಣ ಕೇಳುತ್ತದೆ. ಸಾಲಗಳನ್ನು ತೀರಿಸಿ ಬರಲು ಗಡುವು ಪಡೆದ ವ್ಯಾಪಾರಿ, ಕೊಟ್ಟ ಮಾತಿನಂತೆ ಮರಳಿ ಬಂದು ಕುಳಿತಾಗ, ಆ ದಾರಿಯಲ್ಲಿ ಬಂದ ಮೂವರು ಮುದುಕರು ಒಂದೊಂದು ಕಥೆ ಹೇಳಿ, ಒಂದೊಂದು ಕಥೆಗೆ ಅವನ ರಕ್ತದ ಮೂರನೆಯ ಒಂದು ಪಾಲನ್ನು ಬಿಡಿಸಿಕೊಳ್ಳುತ್ತಾರೆ. ಅರಿಯದೆ ಆದ ತಪ್ಪಿಗೆ ಮರಣದಂಡನೆ ಸರಿಯೇ, ಕೋಪಗೊಂಡ ಬಲಶಾಲಿ ತನ್ನ ಹಟ ಬಿಡುವುದು ಅವಮಾನವೇ ಎಂಬ ಪ್ರಶ್ನೆಗಳನ್ನು ದೊರೆಯ ಮುಂದೆ ನೇರವಾಗಿ ಇಟ್ಟಿದ್ದರೆ ಅವಳ ತಲೆ ಅಂದೇ ಉರುಳುತ್ತಿತ್ತು. ಅವನ್ನು ಜಿನ್‌ನ ಬಾಯಿಗೆ ಸಿಕ್ಕ ವ್ಯಾಪಾರಿಯ ಮೂಲಕ ಕೇಳಿದ ಆ ಹೆಣ್ಣು ನನ್ನ ಕಣ್ಣಿಗೆ ಕೊಲ್ಲಲ್ಪಟ್ಟವರೆಲ್ಲರ ಪರವಾಗಿ ವಾದಿಸುವ ವಕೀಲೆ.

ತಂಗಿ ದುನ್ಯಾಜಾದೆಯನ್ನೂ ಮರೆಯಬಾರದು. ಪ್ರತಿ ರಾತ್ರಿ ಅಕ್ಕನಿಗೆ ಕಥೆ ಹೇಳೆಂದು ಕೇಳಿ ದಾರಿ ತೆರೆಯುವವಳು ಅವಳೇ. ಈ ಗ್ರಂಥದ ಈಗ ತಿಳಿದಿರುವ ಅತ್ಯಂತ ಹಳೆಯ ತುಣುಕು 9ನೆಯ ಶತಮಾನದ್ದು. ವಿದುಷಿ ನಬಿಯಾ ಅಬ್ಬಾಟ್ 1949ರಲ್ಲಿ ಪ್ರಕಟಿಸಿದ ಆ ಹರಿದ ಕಾಗದದಲ್ಲಿಯೂ ದುನ್ಯಾಜಾದೆ ಕಥೆ ಹೇಳೆಂದು ಕೇಳುತ್ತಿದ್ದಾಳೆ. 10ನೆಯ ಶತಮಾನದ ಬಾಗ್ದಾದಿನ ಗ್ರಂಥಸೂಚಿಕಾರ ಇಬ್ನ್ ಅಲ್ ನದೀಮ್ ಈ ಕಥೆಗಳ ಮೂಲವಾದ ಪರ್ಷಿಯನ್ ‘ಹಜಾರ್ ಅಫ್ಸಾನ್’ ಅನ್ನು ರುಚಿಯಿಲ್ಲದ ಪುಸ್ತಕವೆಂದು ತಳ್ಳಿಹಾಕಿದ. ಅವನ ತೀರ್ಪನ್ನು ಕೇಳುಗರು ಒಪ್ಪಲಿಲ್ಲವೆಂಬುದು ಸಂತೋಷದ ಸಂಗತಿ.

ಮಕ್ಕಳ ಮುಖ ನೋಡಿ ದೊರೆ ಅವಳನ್ನು ಕ್ಷಮಿಸಿದನೆಂಬ ಮಾತನ್ನಂತೂ ನಾನು ಒಪ್ಪಲಾರೆ. 1835ರಲ್ಲಿ ಕೈರೋದ ಬುಲಾಕ್ ಮುದ್ರಣಾಲಯದಿಂದ ಹೊರಬಂದ ಈ ಗ್ರಂಥದ ಪಾಠದಲ್ಲಿ ಅವಳು ನಡೆಯುವ, ಅಂಬೆಗಾಲಿಡುವ, ಹಾಲು ಕುಡಿಯುವ ಮೂವರು ಗಂಡುಮಕ್ಕಳನ್ನು ದೊರೆಯ ಮುಂದೆ ತರಿಸಿ, ಇವರಿಗಾಗಿ ತನ್ನನ್ನು ಉಳಿಸೆಂದು ಬೇಡುತ್ತಾಳೆ ನಿಜ. ಆದರೆ ಈ ಮಕ್ಕಳು ಬರುವ ಮೊದಲೇ ನಿನ್ನನ್ನು ಕ್ಷಮಿಸಿದ್ದೆ ಎಂದು ದೊರೆ ಅಲ್ಲಿಯೇ ಹೇಳುತ್ತಾನೆ.