ಆನ್-ಕಾಲ್ ಡ್ಯೂಟಿಗೆ 16 ಗಂಟೆಗಳ ಮಿತಿ ಬೇಕೇ?

ಪರ: ದಣಿದವರಿಗೆ ತಮ್ಮ ದಣಿವು ಕಾಣುವುದಿಲ್ಲ

ಆಸ್ಪತ್ರೆಗಳಲ್ಲಿ ಸತತ 24 ಗಂಟೆಗಳ ಆನ್-ಕಾಲ್ (ಕರೆ ಬಂದೊಡನೆ ಕೆಲಸಕ್ಕೆ ಸಿದ್ಧರಿರಬೇಕಾದ) ಪದ್ಧತಿಯನ್ನು ಸಮರ್ಥಿಸುವವರು ಮೊದಲು ಮುಂದಿಡುವ ಸಮಾಧಾನವೆಂದರೆ, ಕರೆ ಬಾರದ ಹೊತ್ತಿನಲ್ಲಿ ಡ್ಯೂಟಿ ರೂಮಿನಲ್ಲಿ ಒಂದೆರಡು ತಾಸು ಕಣ್ಣು ಮುಚ್ಚಬಹುದಲ್ಲ ಎಂಬುದು. ಅದು ಎಂಥ ನಿದ್ದೆ ಎಂದು ವಿಚಾರಿಸಬೇಕು. 1988ರಲ್ಲಿ ಸ್ವೀಡನ್ನಿನ ಸಂಶೋಧಕರು ಆನ್-ಕಾಲ್ ಇದ್ದ ಹಡಗಿನ ಎಂಜಿನಿಯರುಗಳ ಮಿದುಳಿನ ಅಲೆಗಳನ್ನು ದಾಖಲಿಸಿ ನೋಡಿದಾಗ, ಎಚ್ಚರಿಕೆಯ ಗಂಟೆ ಮೊಳಗುವುದಕ್ಕೂ ಮುಂಚೆಯೇ ಅವರ ಗಾಢನಿದ್ದೆ ಕಡಿಮೆಯಾಗಿ ಎದೆಬಡಿತ ಹೆಚ್ಚಿತ್ತು. ಕರೆ ಬಂದೀತೆಂಬ ಅಳುಕೇ ನಿದ್ದೆಯನ್ನು ತೆಳುವಾಗಿಸಿತ್ತು. ದಿಂಬಿನ ಪಕ್ಕ ಫೋನ್ ಇಟ್ಟುಕೊಂಡು ಮಲಗುವ ವೈದ್ಯೆಗೂ ನರ್ಸಿಗೂ ಅರಿವಳಿಕೆ ತಜ್ಞನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರೆ ಬಂದೇಬಿಟ್ಟರೆ ಇನ್ನೊಂದು ತೊಡಕು ಎದುರಾಗುತ್ತದೆ: ಗಾಢನಿದ್ದೆಯಿಂದ ಎಬ್ಬಿಸಿದ ಮಿದುಳು ಕಣ್ಣು ತೆರೆದ ಕ್ಷಣಕ್ಕೇ ಪೂರ್ತಿ ಎಚ್ಚರಗೊಳ್ಳುವುದಿಲ್ಲ, ನಿದ್ರಾಜಡತೆ ಎನ್ನುವ ಆ ಮಬ್ಬು ಹರಿಯಲು ಕಾಲು ಗಂಟೆ, ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಮಗುವಿನ ತೂಕಕ್ಕೆ ತಕ್ಕ ಔಷಧದ ಪ್ರಮಾಣವನ್ನು ಫೋನಿನಲ್ಲೇ ಲೆಕ್ಕ ಹಾಕಿ ಹೇಳಬೇಕಾಗಿ ಬರುವುದು ಅದೇ ಹೊತ್ತಿನಲ್ಲಿ.

ಮಲಗಲೇ ಆಗದ ರಾತ್ರಿಗಳ ಮಾತು ಬೇರೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು, 17 ಗಂಟೆ ಎಚ್ಚರವಿದ್ದವರ ಕಣ್ಣು-ಕೈಗಳ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೂ, 24 ಗಂಟೆ ಎಚ್ಚರವಿದ್ದಾಗ ಸುಮಾರು ಶೇ 0.10ರ ಮಟ್ಟಕ್ಕೂ ಇಳಿಯುತ್ತದೆಂದು ತೋರಿಸಿತು. 2004ರಲ್ಲಿ ಬಾಸ್ಟನ್ನಿನಲ್ಲಿ ತೀವ್ರ ನಿಗಾ ಘಟಕದ ತರಬೇತಿ ವೈದ್ಯರನ್ನು ಎರಡು ಬಗೆಯ ವೇಳಾಪಟ್ಟಿಗಳಲ್ಲಿ ದುಡಿಸಿ ನೋಡಿದಾಗ, 24 ಗಂಟೆ ಮೀರಿದ ಪಾಳಿಗಳ ಹಳೆಯ ವೇಳಾಪಟ್ಟಿಯಲ್ಲಿ ಗಂಭೀರ ತಪ್ಪುಗಳು ಶೇ 36ರಷ್ಟು ಹೆಚ್ಚಾಗಿದ್ದವು. ರಾತ್ರಿಯ ಕೆಲಸದ ನಡುವೆ ಅರಿವಿಲ್ಲದೆ ಕಣ್ಣು ಎಳೆದು ಗಮನ ಕಳಚಿಹೋದ ಕ್ಷಣಗಳು ದುಪ್ಪಟ್ಟಿಗೂ ಮಿಕ್ಕಿದ್ದವು. ಮರುವರ್ಷ ಪ್ರಕಟವಾದ ಸಮೀಕ್ಷೆಯಲ್ಲಿ, ದೀರ್ಘ ಪಾಳಿ ಮುಗಿಸಿ ವಾಹನ ನಡೆಸಿಕೊಂಡು ಮನೆಗೆ ಹೊರಟವರು ಅಪಘಾತಕ್ಕೀಡಾಗುವ ಸಾಧ್ಯತೆಯೂ ಎರಡು ಪಟ್ಟಿಗಿಂತ ಹೆಚ್ಚೆಂದು ಕಂಡುಬಂತು.

ಆದರೂ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುವುದು ಈ ಅಂಕಿಗಳಲ್ಲ. 2003ರ ಒಂದು ಪ್ರಯೋಗದಲ್ಲಿ ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರ ಚುರುಕುತನ ದಿನದಿಂದ ದಿನಕ್ಕೆ ಕುಸಿಯುತ್ತ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ಆದರೆ ‘ಎಷ್ಟು ನಿದ್ದೆ ಬರುತ್ತಿದೆ’ ಎಂದು ಕೇಳಿದಾಗ ಅವರ ಉತ್ತರ ಮೊದಲ ಕೆಲವು ದಿನಗಳ ನಂತರ ಹೆಚ್ಚೇನೂ ಬದಲಾಗಲಿಲ್ಲ. ದಣಿವನ್ನು ಅಳೆಯಬೇಕಾದ ಮಿದುಳೇ ದಣಿದಿರುವಾಗ, ‘ನನಗೇನೂ ಆಗಿಲ್ಲ, ಇನ್ನೊಂದು ಕೇಸ್ ನೋಡಿ ಹೋಗುತ್ತೇನೆ’ ಎಂಬ ಮಾತನ್ನು, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ, ನಂಬುವುದು ಹೇಗೆ? ಮಿತಿ ಹೊರಗಿನಿಂದ ಬರಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕಾಗಿ. ಆಸ್ಪತ್ರೆಯಲ್ಲಿ ಉಳಿದು ಆನ್-ಕಾಲ್ ಇರುವ ಹೊತ್ತು, ಮಲಗಿದ್ದರೂ ಸರಿ, ದುಡಿಮೆಯ ಹೊತ್ತೇ ಎಂದು ಯುರೋಪಿನ ನ್ಯಾಯಾಲಯ 2000 ಮತ್ತು 2003ರಲ್ಲಿ ಎರಡು ಬಾರಿ ಹೇಳಿದೆ. ಆ ಲೆಕ್ಕವನ್ನು ಒಪ್ಪಿದ ಮೇಲೆ, 16 ಗಂಟೆಗಳಾಚೆಗಿನ ದುಡಿಮೆಯನ್ನು ರೋಗಿಯ ಹಾಸಿಗೆಯ ಬಳಿ ಸಹಿಸಿಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ವಿರೋಧ: ಪಾಳಿ ಮೊಟಕಾದೀತು, ನಿದ್ದೆ ಹೆಚ್ಚದು

ನಿದ್ದೆಗೇಡಿನಿಂದ ಆಗುವ ಹಾನಿಯ ಬಗ್ಗೆ ನನಗೆ ತಕರಾರಿಲ್ಲ. ಈ ಮದ್ದು ಆ ರೋಗಕ್ಕೆ ತಾಗುವುದಿಲ್ಲವೆಂಬುದಷ್ಟೇ ನನ್ನ ವಾದ. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿಯೂ ನೋಡಲಾಗಿದೆ. ಅಮೆರಿಕದಲ್ಲಿ ವೈದ್ಯಕೀಯ ತರಬೇತಿಗೆ ಮಾನ್ಯತೆ ನೀಡುವ ಮಂಡಳಿಯು 2011ರಲ್ಲಿ ಮೊದಲ ವರ್ಷದ ತರಬೇತಿ ವೈದ್ಯರಿಗೆ 16 ಗಂಟೆಗಳ ಮಿತಿಯನ್ನು ವಿಧಿಸಿ, 2017ರಲ್ಲಿ ತಾನೇ ಅದನ್ನು ಹಿಂತೆಗೆದುಕೊಂಡಿತು. ಈ ನಡುವೆ ನಡೆದ ‘ಐಕಂಪೇರ್’ ಅಧ್ಯಯನದಲ್ಲಿ ತರಬೇತಿ ವೈದ್ಯರ ಮಣಿಕಟ್ಟಿಗೆ ಚಲನೆ ಅಳೆಯುವ ಸಾಧನ ಕಟ್ಟಿ ನಿದ್ದೆಯ ಲೆಕ್ಕ ತೆಗೆದಾಗ, ಮಿತಿಯಿದ್ದ ಕಡೆ ದಿನಕ್ಕೆ ಸರಾಸರಿ 7.03 ಗಂಟೆ, ಸಡಿಲಿಕೆಯಿದ್ದ ಕಡೆ 6.85 ಗಂಟೆ ನಿದ್ದೆ ದಾಖಲಾಯಿತು. ದೀರ್ಘ ಪಾಳಿಯ ರಾತ್ರಿಗಳ ಮರುದಿನ ಮಂಪರು ಹೆಚ್ಚಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಒಟ್ಟು ಲೆಕ್ಕದಲ್ಲಿ ಇಷ್ಟೆಲ್ಲ ವ್ಯವಸ್ಥೆಯನ್ನು ಬದಲಿಸಿ ಗಳಿಸಿದ್ದು ಹತ್ತು-ಹನ್ನೊಂದು ನಿಮಿಷ.

ಹೀಗೇಕಾಯಿತು? ಪಾಳಿ ಚಿಕ್ಕದಾದಷ್ಟಕ್ಕೆ ರೋಗಿಗಳ ಸಂಖ್ಯೆ ಇಳಿಯುವುದಿಲ್ಲ, ವೈದ್ಯರ ಸಂಖ್ಯೆ ಏರುವುದೂ ಇಲ್ಲ. ಅಷ್ಟೇ ಜನ ಹೆಚ್ಚು ಸಲ ಬಂದು ಹೋಗುತ್ತಾರೆ, ಸಾಲು ಸಾಲು ರಾತ್ರಿಪಾಳಿ ಮಾಡುತ್ತಾರೆ, ಬೆಳಿಗ್ಗೆ ಮನೆಗೆ ಹೋಗಿ ಜೈವಿಕ ಗಡಿಯಾರ ‘ಏಳು’ ಎನ್ನುವ ಹೊತ್ತಿನಲ್ಲಿ ಮಲಗಲು ಹೆಣಗುತ್ತಾರೆ. ಆ ಹಗಲುನಿದ್ದೆ ರಾತ್ರಿಯ ನಿದ್ದೆಗಿಂತ ಮೊಟಕೂ ಹೌದು, ತೆಳುವೂ ಹೌದು. 2020ರಲ್ಲಿ ಪ್ರಕಟವಾದ, ಮಕ್ಕಳ ಆರು ತೀವ್ರ ನಿಗಾ ಘಟಕಗಳ ಅಧ್ಯಯನವನ್ನು ಮಿತಿಯ ಪರವಾಗಿರುವವರು ಒಮ್ಮೆ ಸಾವಧಾನವಾಗಿ ನೋಡಬೇಕು. ಅಲ್ಲಿ ಪಾಳಿಯನ್ನು 16 ಗಂಟೆಗೆ ಇಳಿಸಿದಾಗ ಗಂಭೀರ ತಪ್ಪುಗಳು ಇಳಿಯುವ ಬದಲು ಏರಿದವು. ಕಾರಣ ಹುಡುಕಿದಾಗ ತಿಳಿದದ್ದು, ಹೊಸ ವೇಳಾಪಟ್ಟಿಯಲ್ಲಿ ಒಬ್ಬೊಬ್ಬ ವೈದ್ಯರ ಪಾಲಿಗೆ ಬಿದ್ದ ರೋಗಿಗಳೇ ಹೆಚ್ಚಾಗಿದ್ದರು. ಆ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡು ಪದ್ಧತಿಗಳ ನಡುವಿನ ವ್ಯತ್ಯಾಸ ಉಳಿಯಲಿಲ್ಲ.

ಪಾಳಿ ಬದಲಾದಾಗಲೆಲ್ಲ ರೋಗಿಗಳ ಹೊಣೆಯನ್ನು ಮುಂದಿನವರಿಗೆ ಒಪ್ಪಿಸುವ ಹ್ಯಾಂಡೋವರ್ ಬೇರೆ. ಸಂಜೆಯಿಂದ ರೋಗಿಯ ಉಸಿರಾಟ ಹೇಗೆ ಬದಲಾಗುತ್ತ ಬಂತೆಂಬುದನ್ನು ಕಣ್ಣಾರೆ ಕಂಡವರ ತಿಳಿವಳಿಕೆಯೆಲ್ಲ ಎರಡು ಸಾಲಿನ ಟಿಪ್ಪಣಿಯಲ್ಲಿ ದಾಟುವುದಿಲ್ಲ.

ಇನ್ನು ಗಂಟೆಗಳ ಲೆಕ್ಕ ಮುಟ್ಟದ ದೊಡ್ಡ ಗುಂಪೊಂದಿದೆ: ಮನೆಯಿಂದಲೇ ಆನ್-ಕಾಲ್ ಇರುವ ಶಸ್ತ್ರಚಿಕಿತ್ಸಕರು, ಪ್ರಸೂತಿ ತಜ್ಞರು, ಆಪರೇಷನ್ ಥಿಯೇಟರ್ ಸಿಬ್ಬಂದಿ. ಕಾಗದದ ಮೇಲೆ ಇವರು ರಾತ್ರಿ ಮನೆಯಲ್ಲೇ ಇದ್ದರು. ನಿಜದಲ್ಲಿ ಮೂರು ಸಲ ಎದ್ದಿದ್ದರು. ಇವರಿಗೆ ಬೇಕಾದದ್ದು ಕರೆಗಳನ್ನು ಸೋಸಿ ಕೊಡುವ ಇನ್ನೊಬ್ಬರು, ರಾತ್ರಿಯ ಎರಡು ತಾಸು ಫೋನನ್ನು ಬೇರೆಯವರ ಕೈಗಿತ್ತು ಮಲಗುವ ಅವಕಾಶ, ನಿದ್ದೆಗೆಟ್ಟ ಮರುದಿನ ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕುವ ವ್ಯವಸ್ಥೆ. ಮುಂದಕ್ಕೆ ಹಾಕುವ ಆ ಅಧಿಕಾರ ಮಾತ್ರ ಶಸ್ತ್ರಚಿಕಿತ್ಸಕರ ಬಳಿ ಇರದೆ ಥಿಯೇಟರಿನ ಉಸ್ತುವಾರಿ ನರ್ಸ್ ಬಳಿ ಇರಲಿ. ದಣಿದವರಿಗೆ ತಮ್ಮ ದಣಿವು ಕಾಣುವುದಿಲ್ಲವೆಂಬ ಪರಪಕ್ಷದ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.