ಸ್ಪಷ್ಟನೆ: ಪ್ರಾಗ್ ಗಡಿಯಾರ ಮತ್ತು ಕಣ್ಣು ಕೀಳಿಸಿದ ಕಥೆ

ಜೆಕ್ ದೇಶದ ರಾಜಧಾನಿ ಪ್ರಾಗ್‌ನ ಹಳೇ ಪಟ್ಟಣದ ಗೋಪುರ ಗಡಿಯಾರವನ್ನು 1490ರಲ್ಲಿ ಹನೂಶ್ ಎಂಬಾತ ಮಾಡಿದ, ಇಂಥದ್ದು ಬೇರೆಲ್ಲೂ ಆಗಬಾರದೆಂದು ಊರಿನ ಮುಖಂಡರು ಅವನ ಕಣ್ಣು ಕೀಳಿಸಿದರು ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ಬರೀ ದಂತಕಥೆ. ಗಡಿಯಾರ ಅದಕ್ಕೂ 80 ವರ್ಷ ಹಳೆಯದು. ಅದನ್ನು ಮಾಡಿದವನು ಕಡಾನ್ ಊರಿನ ಮಿಕುಲಾಶ್ ಎಂದು 1410ರ ಅಕ್ಟೋಬರ್ 9ರ ದಾಖಲೆಯೇ ಹೇಳುತ್ತದೆ. ಹನೂಶ್ ಇದ್ದದ್ದು ನಿಜ, ಆದರೆ ಅವನು ಆಮೇಲೆ ರಿಪೇರಿಗೆ ಬಂದವನು. ಗಡಿಯಾರದ ಕಿಟಕಿಯಲ್ಲಿ ಸಾಗುವ ಅಪೊಸ್ತಲರ (ಯೇಸುವಿನ ಶಿಷ್ಯರ) ಗೊಂಬೆಗಳಂತೂ ತೀರಾ ಈಚಿನವು; ಹಳೆಯವು 1945ರ ಮೇ ತಿಂಗಳ ಬೆಂಕಿಗೆ ಸುಟ್ಟುಹೋದವು. ನನ್ನ ಕೇಳಿದರೆ ನಿಜವಾದ ಸೋಜಿಗ ಮುಖಫಲಕದ ಹೊರಸುತ್ತಿನಲ್ಲಿದೆ: ಕಪ್ಪು ಉಂಗುರದ ಮೇಲಿನ ಚಿನ್ನದ ಅಂಕಿಗಳು ಸೂರ್ಯಾಸ್ತದಿಂದ 24 ಗಂಟೆ ಎಣಿಸುತ್ತವೆ, ಹಾಗಾಗಿ ಋತು ಬದಲಾದಂತೆ ಆ ಉಂಗುರವೇ ಹಿಂದೆಮುಂದೆ ಸರಿಯುತ್ತದೆ.