ಮಡ್ಗಾರ್ಡ್ ಮೇಲೆ ಮಕ್ಕಳನ್ನ ಕೂರಿಸ್ಬೇಡಿ

ಹತ್ತು ವರ್ಷದ ಹುಡುಗನಿಗೆ ಟ್ರ್ಯಾಕ್ಟರ್ ಕ್ಲಚ್ ಕೂತಲ್ಲೇ ಒತ್ತೋಕಾಗಲ್ಲ, ಸ್ಟೇರಿಂಗ್ ಹಿಡ್ಕೊಂಡು ಎದ್ದು ನಿಂತು ಮೈಭಾರ ಎಲ್ಲ ಹಾಕ್ಬೇಕು. ನಾನು ಕಲ್ತಿದ್ದು ಹಾಗೇ, ಬನವಾಸಿ ಕಡೆ ನಮ್ಮ ಗದ್ದೇಲಿ, ಭತ್ತ ಕೊಯ್ದು ಖಾಲಿ ಬಿದ್ದಾಗ. ಅಪ್ಪಯ್ಯ ಮಡ್ಗಾರ್ಡ್ ಮೇಲೆ ಕೂತು "ತಮಾ, ಗಡಬಡೆ ಮಾಡಡ, ಮೆಲ್ಲ ಬಿಡು" ಅಂತಿದ್ದ.

ಎಚ್‌ಎಂಟಿ 2511 ಅದು. ಎರಡೇ ಸಿಲಿಂಡರ್, 25 ಎಚ್‌ಪಿ, ಜೆಕೊಸ್ಲೊವಾಕಿಯಾದ ಜೀಟರ್ ಕಂಪನಿ ಡಿಸೈನು. ಹರಿಯಾಣದ ಪಿಂಜೋರಲ್ಲಿ 1971ರಿಂದ ಎಚ್‌ಎಂಟಿಯವ್ರು ಟ್ರ್ಯಾಕ್ಟರ್ ಮಾಡೋಕೆ ಶುರು ಮಾಡಿದ್ರು. ಅಪ್ಪಯ್ಯನ ಕೈಲಿದ್ದ ವಾಚೂ ಎಚ್‌ಎಂಟಿನೇ, ಹಂಗಾಗಿ ವಾಚು ಮಾಡೋರೇ ಟ್ರ್ಯಾಕ್ಟರೂ ಮಾಡ್ತಾರೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ, ಆಗ ಅದು ನಿಜಾನೂ ಆಗಿತ್ತು. ಮಳೆಗಾಲದಲ್ಲಿ ಬ್ಯಾಟರಿ ಯಾವಾಗ್ಲೂ ಡೌನು, ಅದಕ್ಕೆ ರಾತ್ರಿ ನಿಲ್ಸೋದೇ ಇಳಿಜಾರಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು. ಬೆಳಿಗ್ಗೆ ಕಲ್ಲು ತೆಗ್ದು ಉರುಳೋಕೆ ಬಿಟ್ಟು, ಗೇರಲ್ಲಿ ಕ್ಲಚ್ ಬಿಟ್ರೆ ಡುಗ್ ಡುಗ್ ಅಂತ ಶುರುವಾಗೋದು, ಆ ಸದ್ದಿಗೆ ನಾನು ಕಂಬಳಿ ಬಿಟ್ಟು ಓಡ್ತಿದ್ದೆ.

ಡೀಸೆಲ್ ಪೂರ್ತಿ ಖಾಲಿಯಾಗಿ ಪೈಪಲ್ಲಿ ಗಾಳಿ ಹೊಕ್ರೆ, ಆಮೇಲೆ ಟ್ಯಾಂಕ್ ತುಂಬ್ಸಿದ್ರೂ ಸ್ಟಾರ್ಟ್ ಆಗಲ್ಲ. ಫಿಲ್ಟರ್ ಹತ್ರ ಸ್ಕ್ರೂ ಸಡಿಲ ಮಾಡಿ ಕೈ ಪಂಪ್ ಒತ್ತಾ ಇರ್ಬೇಕು, ನೊರೆ ನೊರೆಯಾಗಿ ಬರೋ ಡೀಸೆಲ್ ಗುಳ್ಳೆ ಇಲ್ಲದೆ ಬರೋವರೆಗೂ. ಆ ಪಂಪ್ ಕೆಲಸ ನಂದು.

ಇಷ್ಟು ಪ್ರೀತಿಯಿಂದ ಬರೆಯೋನೇ ಒಂದು ಕಡಕ್ ಮಾತೂ ಹೇಳ್ಬೇಕು. ಒಂದು ಸಲ ಬೆಟ್ಟದಿಂದ ಮರದ ದಿಮ್ಮಿ ಎಳೀತಿದ್ವಿ, ಏರು ದಾರಿ, ಮಾಮೂಲಿನಂತೆ ನಾನು ಮಡ್ಗಾರ್ಡ್ ಮೇಲೆ. ಸರಪಳೀನ ಹಿಂದೆ ಕೆಳಗಿರೋ ಡ್ರಾಬಾರಿಗೆ, ಅಂದ್ರೆ ಭಾರ ಎಳೆಯೋ ಪಟ್ಟಿಗೆ, ಕಟ್ಟೋ ಬದಲು ಮೇಲೆ ನೇಗಿಲು ಸಿಕ್ಕಿಸೋ ಟಾಪ್ ಲಿಂಕ್ ಪಿನ್ನಿಗೆ ಕಟ್ಟಿದ್ರು. ದಿಮ್ಮಿ ಬೇರಿಗೆ ಸಿಕ್ಕಿ ನಿಂತಿದ್ದೇ ಮುಂದಿನ ಚಕ್ರ ಎರಡೂ ನೆಲ ಬಿಟ್ಟು ಎದ್ದವು. ಹಿಂದಿನ ಗಾಲಿಗೆ ಮುಂದೆ ಹೋಗೋಕೆ ಆಗದಿದ್ರೆ ಇಂಜಿನ್ನಿನ ಶಕ್ತಿ ಟ್ರ್ಯಾಕ್ಟರನ್ನೇ ಎತ್ತುತ್ತೆ, ಸರಪಳಿ ಎಷ್ಟು ಮೇಲಿದ್ಯೋ ಅಷ್ಟು ಬೇಗ ಹಿಂದಕ್ಕೆ ಮಗುಚುತ್ತೆ. ಅಪ್ಪಯ್ಯ ಕ್ಲಚ್ ಒತ್ತಿದ, ಧಡ್ ಅಂತ ಕೆಳಗೆ ಕೂತಿತು. ಅವತ್ತು ರಾತ್ರಿ ಅವನು ಊಟ ಮಾಡ್ಲಿಲ್ಲ. ತಲೆ ಮೇಲೆ ಕಬ್ಬಿಣದ ಚೌಕಟ್ಟಿಲ್ಲದ ಹಳೇ ಟ್ರ್ಯಾಕ್ಟರ್ ಮಗುಚಿದ್ರೆ ಡ್ರೈವರೇ ಉಳಿಯೋದು ಕಷ್ಟ, ಮಡ್ಗಾರ್ಡ್ ಮೇಲಿನ ಮಗೂಗೆ ಹಿಡ್ಕೊಳೋಕೆ ಏನಿರುತ್ತೆ ಹೇಳಿ? ಈಗ್ಲೂ ನಾಟಿ ಟೈಮಲ್ಲಿ ರೋಡಲ್ಲಿ ಎರಡೂ ಮಡ್ಗಾರ್ಡಿಗೆ ಒಂದೊಂದು ಮಗು ಕೂರಿಸ್ಕೊಂಡು ಹೋಗೋರನ್ನ ನೋಡಿದ್ರೆ ಎದೆ ಝಲ್ ಅನ್ನುತ್ತೆ. ದಯವಿಟ್ಟು ಇಳಿಸಿ.

2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚೋಕೆ ಒಪ್ಪಿಗೆ ಕೊಡ್ತು. ನಮ್ಮ ಟ್ರ್ಯಾಕ್ಟರನ್ನ ಗುಜರಿಗೆ ಹಾಕನ ಅಂತ ಮನೇಲಿ ಮಾತು ಬಂದಾಗೆಲ್ಲ ನಾನೇ ಅಡ್ಡ ನಿಲ್ತೀನಿ. ಅಣ್ಣನ ಮಗನಿಗೆ ಈಗ ಹತ್ತು ವರ್ಷ, ಸೀಟಿಗೆ ಹತ್ತಿಸು ಅಂತ ಒಂದೇ ಹಟ. ಕಾಲು ಸಲೀಸಾಗಿ ಎಟುಕೋವರೆಗೂ ಇಲ್ಲ ಅಂದಿದೀನಿ. ಗ್ರೀಸ್ ಹಾಕೋದು, ಬೋಲ್ಟ್ ಬಿಗಿ ಮಾಡೋದು, ಗಾಳಿ ತೆಗೆಯೋದು ಎಲ್ಲ ಕಲಿಸ್ತಿದೀನಿ. ಮೊನ್ನೆ ಭಾನುವಾರ ಬೆರಳೆಲ್ಲ ಡೀಸೆಲ್ ಮಾಡ್ಕೊಂಡು ಪಂಪ್ ಒತ್ತಿ ಒತ್ತಿ ತಿರುಗಿ ನೋಡ್ದ, "ಅಪ್ಪಚ್ಚಿ, ಈಗ ಗುಳ್ಳೆ ಬತ್ತಾ ಇಲ್ಲೆ."